ಮೂರು ಫ್ಯಾನಿನ ಕಾರ್ಡ್

“ಮೂರು ಫ್ಯಾನಿಂದೇ ತಗೊಳ್ಳಿ ಚಿಕ್ಕಪ್ಪ. ಕಣ್ಣು ಮುಚ್ಕೊಂಡು ತಗೊಳ್ಳಿ!” ಎಂದ ಪಂಡಿತ.

“ಕಣ್ಣು ಯಾಕೆ ಮುಚ್ಕೋಬೇಕು? ತೆರೆದು ಓದಿದ್ರೆ ಆಗಲ್ವಾ?” ಎಂದಳು ಸಿಡುಕಿ.

ಯಾರೂ ಅವಳ ಕಡೆ ತಿರುಗಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಪಂಡಿತನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಪಂಡಿತ ಕೂತಿದ್ದು ಸಿಡುಕಿಯ ಕುರ್ಚಿಯಲ್ಲಿ. ಅದೂ ಕಾಲ ಮೇಲೆ ಕಾಲು ಹಾಕಿಕೊಂಡು!

ಪಂಡಿತ ಎಂದರೆ ದೊಡ್ಡಪ್ಪನ ಮಗ. ಕಾಲೇಜಿಗೆ ಹೋಗುತ್ತಾನೆ. ಒಮ್ಮೆ ಯಾರದೋ ಫೋನ್ ರಿಪೇರಿ ಮಾಡಿಕೊಟ್ಟಿದ್ದೇ ತಡ, ಮನೆಮಂದಿಯೆಲ್ಲ ಅವನಿಗೆ ಈ ಹೆಸರು ಕಟ್ಟಿಬಿಟ್ಟರು. ಸಿಡುಕಿಗೂ ಹೆಸರು ಕಟ್ಟಿದ್ದು ಮನೆಯವರೇ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದಂತೆ. ಇರದೆ ಇನ್ನೇನು ಮಾಡೀತು?

ಈ ಕಂಪ್ಯೂಟರಿಗಾಗಿ ಅವಳು ಎರಡು ವರ್ಷ ಕಾದಿದ್ದಳು. ಎರಡು ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ ಅಂದಿದ್ದಳು. ಸೈಕಲ್ಲೂ ಬೇಡ ಅಂದಿದ್ದಳು. ಹಳೇ ಕಂಪ್ಯೂಟರಿನಲ್ಲಿ ಅವಳ ಕಾರ್ ರೇಸ್ ಶುರುವಾಗುವುದೇ ಕಷ್ಟ. ಶುರುವಾದರೂ ಮೊದಲ ತಿರುವಿನಲ್ಲೇ ಚಿತ್ರ ಗಕ್ಕನೆ ನಿಂತುಬಿಡುತ್ತಿತ್ತು. ಮತ್ತೆ ಅಲ್ಲಾಡುವಷ್ಟರಲ್ಲಿ ಅವಳ ಕಾರು ಗೋಡೆಗೆ ಗುದ್ದಿರುತ್ತಿತ್ತು.

ಈಗ ಅಂಗಡಿಯವರ ಸೈಟಿನಲ್ಲಿ ಗೇಮಿಂಗ್ ಕಂಪ್ಯೂಟರ್ ಆರಿಸಿದ್ದರು. ಪರದೆ ಹಳೆಯದೇ ಇದೆಯಲ್ಲ, ಬರೀ ಸಿಪಿಯು ಡಬ್ಬ ಸಾಕು ಎಂದುಕೊಂಡಿದ್ದರು. ಎಲ್ಲ ಅವರೇ ಜೋಡಿಸಿ ಕಳಿಸುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಒಂದನ್ನು ಮಾತ್ರ ನಾವೇ ಹೇಳಬೇಕು. ಡಬ್ಬದೊಳಗೆ ಕೂತು ಆಟದ ಚಿತ್ರಗಳನ್ನು ಬರೆಯುವುದು ಅದೇ. ಬಿಸಿಯಾಗದಂತೆ ಅದಕ್ಕೇ ಪುಟ್ಟ ಫ್ಯಾನುಗಳಿರುತ್ತವೆ. ಎರಡು ಫ್ಯಾನಿನದು ಒಂದು, ಮೂರು ಫ್ಯಾನಿನದು ಇನ್ನೊಂದು. ಮೂರು ಫ್ಯಾನಿನದರಲ್ಲಿ ಬಣ್ಣಬಣ್ಣದ ಲೈಟೂ ಇತ್ತು. ಎರಡರ ಹಿಂದು-ಮುಂದಿನ ಫೋಟೋಗಳೂ ಪರದೆಯ ಮೇಲಿದ್ದವು. ಒಮ್ಮೆ ಆರ್ಡರ್ ಒತ್ತಿದರೆ ಮುಗಿಯಿತು, ಆಮೇಲೆ ಬದಲಾಯಿಸುವ ಹಾಗಿಲ್ಲ.

“ಲೈಟ್ ಯಾಕಂತೆ?” ಎಂದು ಪಕ್ಕದ ಮಂಚದ ಮೇಲಿಂದ ಅಜ್ಜಿ ಕೇಳಿದರು.

“ಚೆಂದಕ್ಕೆ ಅಜ್ಜಿ,” ಎಂದ ಪಂಡಿತ.

“ಮುಚ್ಚಿದ ಡಬ್ಬದೊಳಗೆ ಚೆಂದ ಯಾಕೋ?”

ಪಂಡಿತ ಪುಟವನ್ನು ಸರ್ರನೆ ಕೆಳಗೆ ಸರಿಸಿದ.

ಸಿಡುಕಿ ಆ ಪುಟವನ್ನು ಒಂದು ವಾರದಿಂದ ಓದುತ್ತಿದ್ದಳು. ಮೂರು ಫ್ಯಾನಿನ ಕಾರ್ಡಿನ ಕೆಳಗೆ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಒಂದು ಮಾತಿತ್ತು. ಇದಕ್ಕೆ ದೊಡ್ಡ ಪವರ್ ಸಪ್ಲೈ ಬೇಕು, ಅದನ್ನು ಬೇರೆ ದುಡ್ಡು ಕೊಟ್ಟು ಆರಿಸಿಕೊಳ್ಳಿ ಎಂದು. ಕರೆಂಟ್ ಸಾಲದಿದ್ದರೆ ಆಟದ ಮಧ್ಯೆ ಕಂಪ್ಯೂಟರೇ ಆಫ್ ಆಗುತ್ತದೆ. ಎರಡನ್ನೂ ಸೇರಿಸಿದರೆ ಅಪ್ಪ ಖರ್ಚಿಗೆ ಹಾಕಿದ ಗೆರೆ ದಾಟುತ್ತದೆ.

“ಪವರ್ ಸಪ್ಲೈ ಸಾಲಲ್ಲ,” ಎಂದಳು ಅವಳು. “ಅಲ್ಲಿ ಬರೆದಿದೆ ನೋಡು, ಕೆಳಗೆ.”

“ಅದೆಲ್ಲ ಸುಮ್ನೆ ಬರೀತಾರೆ. ನಮ್ ಫ್ರೆಂಡ್ಸ್ ಎಲ್ಲಾ ಇದನ್ನೇ ಹಾಕ್ಸಿದಾರೆ.”

“ಅವರ ಡಬ್ಬಾನೇ ಬೇರೆ ಇರಬಹುದಲ್ಲ! ಅಪ್ಪಾ, ಎರಡು ಫ್ಯಾನಿಂದು ಸಾಕು. ನಾನು ಓದಿದೀನಿ.”

ಅಪ್ಪ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷಿನ್ ನಡೆಸುವವರು. ಅಲ್ಲಿ ಎರಡು ಸಲ ಅಳೆಯದೆ ಒಂದು ಹಾಳೆಯನ್ನೂ ಕತ್ತರಿಸುವುದಿಲ್ಲ. ಮನೆಯಲ್ಲಿ ಮಾತ್ರ ಅವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. “ಅವಳು ಹೇಳೋದೂ ಸರಿ ಇರಬಹುದು, ಇವನು ಹೇಳೋದೂ ಸರಿ ಇರಬಹುದು,” ಎಂದರು.

“ಚಿಕ್ಕಪ್ಪ, ಆರನೇ ಕ್ಲಾಸಿನ ಹುಡುಗಿ ಮಾತು ಕೇಳ್ತೀರಾ?” ಪಂಡಿತ ನಕ್ಕ. “ನಿಂಗೆ ಗೊತ್ತಾಗಲ್ಲ ಕಣೇ, ಸುಮ್ನಿರು.”

ಸಿಡುಕಿಗೆ ಮೈಯೆಲ್ಲ ಉರಿದುಹೋಯಿತು. ಕಾದವಳು ಅವಳು. ಓದಿದವಳು ಅವಳು. ಆಡುವವಳೂ ಅವಳೇ. ಇವನು ಇವತ್ತು ಬಂದು, ತಿಂಡಿ ತಿಂದು, ಅವಳ ಕುರ್ಚಿಯಲ್ಲಿ ಕೂತು, ಸುಮ್ನಿರು ಅನ್ನುವುದೆಂದರೇನು?

“ಸುಮ್ನಿರಲ್ಲ! ನನ್ ಕಂಪ್ಯೂಟರ್ ಅದು!”

“ಕಿರುಚಬೇಡ,” ಎಂದರು ಅಮ್ಮ. “ಗೊತ್ತಿರೋರು ಹೇಳ್ತಾ ಇದ್ದಾರಲ್ಲ.”

ಅದು ಇನ್ನೂ ಜೋರಾಗಿ ಚುಚ್ಚಿತು. ಸಿಡುಕಿ ದಡದಡ ಹೋಗಿ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಕೂತಳು. ತೊಳೆದ ಬಕೆಟ್ಟೊಂದು ಅಲ್ಲಿತ್ತು. ಅದನ್ನು ಒದೆಯಬೇಕು ಅನ್ನಿಸಿತು, ಒದ್ದಳು. ಕಾಲಿಗೆ ನೋವಾಯಿತು. ಅದಕ್ಕೂ ಪಂಡಿತನೇ ಕಾರಣ.

ಹಿಂದೆಯೇ ಅಜ್ಜಿ ಬಂದರು. ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತರು.

“ನಂದೊಂದು ಮಾತಿದೆ. ಆಗಿಂದ ಹೇಳೋಣ ಅಂತಿದ್ದೆ. ಆ ಫೋಟೋದಲ್ಲಿ ಇತ್ತಲ್ಲ, ಕಾರ್ಡು, ಅದರ ಹಿಂಭಾಗ—”

“ಅಯ್ಯೋ ಅಜ್ಜಿ, ನಿಂಗೆ ಗೊತ್ತಾಗಲ್ಲ, ಸುಮ್ನಿರು!”

ಅಜ್ಜಿ ಬೇಜಾರು ತೋರಿಸಲಿಲ್ಲ. ಉರುಳಿದ ಬಕೆಟ್ಟನ್ನು ಎಳೆದುಕೊಂಡು ನೆಟ್ಟಗೆ ನಿಲ್ಲಿಸಿದರು.

ಸಿಡುಕಿಗೆ ತನ್ನ ಮಾತು ತನಗೇ ಕೇಳಿಸಿತು. ಅದೇ ಮಾತು. ರಾಗವೂ ಅದೇ. ಪಂಡಿತನೇ ತನ್ನ ಬಾಯೊಳಗೆ ಕಾಲ ಮೇಲೆ ಕಾಲು ಹಾಕಿ ಕೂತ ಹಾಗೆ ಅನ್ನಿಸಿ, ಅವಳಿಗೆ ಮುಖ ಬಿಸಿಯಾಯಿತು.

ಕಾಲಿನ ಹೆಬ್ಬೆರಳು ನೀವಿಕೊಂಡಳು. ಆಮೇಲೆ, “ಅಜ್ಜಿ, ಕಾರ್ಡಿನ ಹಿಂಭಾಗ ಏನು?” ಎಂದು ಕೇಳಿದಳು.

“ನೀಲಿ ಜಾಗಾನೇ ಇಲ್ಲ.”

“ಯಾವ ನೀಲಿ?”

“ನಮ್ಮ ಪರದೆಯಿಂದ ಬರುತ್ತಲ್ಲ ಒಂದು ದಪ್ಪ ವೈರು, ಅದರ ಮೂತಿ ನೀಲಿ. ಎರಡು ಕಡೆ ತಿರುಪು ಇದೆ. ಒಳಗೆ ಮೂರು ಸಾಲು ಸೂಜಿ. ಸಾಲಿಗೆ ಐದು, ಒಟ್ಟು ಹದಿನೈದು. ಪ್ರತಿ ವಾರ ಬಿಚ್ಚಿ ಒರೆಸಿ ಮತ್ತೆ ಸಿಕ್ಕಿಸೋಳು ನಾನು. ಆ ಎರಡೂ ಕಾರ್ಡಿನ ಫೋಟೋದಲ್ಲಿ ಹದಿನೈದು ತೂತಿನ ಜಾಗ ಎಲ್ಲೂ ಕಾಣಲಿಲ್ಲಪ್ಪ. ಚಪ್ಪಟೆ ತೂತುಗಳೇ ಇವೆ.”

ಅಜ್ಜಿ ಮೂವತ್ತು ವರ್ಷ ಶಾಲೆ ಯೂನಿಫಾರ್ಮ್ ಹೊಲಿದವರು. ಸೂಜಿಯ ಕಣ್ಣು ಅವರ ಕಣ್ಣಿಗೆ ಎಂದೂ ತಪ್ಪಿದ್ದಿಲ್ಲ.

ಸಿಡುಕಿ ಎದ್ದವಳೇ ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು. ಒಳಗೆ ಪಂಡಿತ ಆಗಲೇ ಮೂರು ಫ್ಯಾನಿನದನ್ನು ಆರಿಸಿ, ಮೌಸಿನ ಬಾಣವನ್ನು ಆರ್ಡರ್ ಬಟನ್ನಿನ ಮೇಲೆ ತಂದಿಟ್ಟಿದ್ದ.

“ನಿಲ್ಲಿಸು! ಅಜ್ಜಿ ಏನೋ ಹೇಳ್ತಾರೆ. ಎಲ್ಲರೂ ಕೇಳಿ. ಪೂರ್ತಿ ಕೇಳಿ!”

ಅಜ್ಜಿ ಪೂರ್ತಿ ಹೇಳಿದರು. ಪಂಡಿತ ಫೋಟೋ ದೊಡ್ಡದು ಮಾಡಿ ನೋಡಿದ. ಮೇಜಿನ ಕೆಳಗೆ ತೂರಿ ವೈರು ನೋಡಿದ. ಹೊರಗೆ ಬಂದಾಗ ಅವನ ಕೂದಲಿಗೆ ಜೇಡರ ಬಲೆ ಅಂಟಿತ್ತು.

“ಮಧ್ಯೆ ಒಂದು ಅಡಾಪ್ಟರ್ ಹಾಕಬಹುದು,” ಎಂದು ಮೆಲ್ಲಗೆ ಹೇಳಿದ.

“ಹಾಕಿದ್ರೂ ಪರದೆ ಇಷ್ಟೇ ಅಲ್ವಾ?” ಎಂದಳು ಸಿಡುಕಿ. “ಕಾರ್ಡ್ ಎಷ್ಟೇ ಚೆನ್ನಾಗಿ ಚಿತ್ರ ಬರೆದ್ರೂ ಈ ಹಳೇದು ಇಷ್ಟೇ ತೋರ್ಸೋದು.” ಒಂದು ವಾರ ಓದಿದರೂ ಪರದೆಯ ಯೋಚನೆ ತನಗೂ ಬಂದಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅದನ್ನು ಜೋರಾಗಿ ಹೇಳಲಿಲ್ಲ.

“ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಅಜ್ಜಿ ಮಂಚಕ್ಕೆ ಹೋಗಿ ಕೂತರು.

ಅಪ್ಪ ಕನ್ನಡಕ ಹಾಕಿಕೊಂಡರು. ಪ್ರೆಸ್ಸಿನಲ್ಲಿ ಅಳತೆ ನೋಡುವಾಗ ಹಾಕುವ ಕನ್ನಡಕ ಅದು. “ಏಳಪ್ಪ, ಕುರ್ಚಿ ಬಿಡು,” ಎಂದರು. “ಮಗಳೇ, ನೀನು ಕೂತು ಮೊದಲಿಂದ ಓದು. ಸಣ್ಣ ಅಕ್ಷರದ್ದೂ ಓದು.”

ಕುರ್ಚಿ ಇನ್ನೂ ಬೆಚ್ಚಗಿತ್ತು. ಸಿಡುಕಿ ಒಂದೊಂದೇ ಸಾಲು ಓದಿದಳು. ಎರಡು ಫ್ಯಾನಿನ ಕಾರ್ಡ್. ಅದಕ್ಕೆ ಡಬ್ಬದ ಜೊತೆ ಬರುವ ಪವರ್ ಸಪ್ಲೈಯೇ ಸಾಕು. ಉಳಿದ ದುಡ್ಡಿನಲ್ಲಿ, ಅಪ್ಪನ ಗೆರೆಯ ಒಳಗೇ, ಚಪ್ಪಟೆ ಪ್ಲಗ್ಗಿನ ಹೊಸ ಪರದೆ.

ಪಂಡಿತ ಕಿಟಕಿ ಹತ್ತಿರ ಕೈಕಟ್ಟಿ ನಿಂತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಸಿಡುಕಿಗೆ ಕೋಪ ಇನ್ನೂ ಅರ್ಧದಷ್ಟು ಉಳಿದಿತ್ತು. ಹೆಬ್ಬೆರಳೂ ನೋಯುತ್ತಿತ್ತು. ಆದರೂ ಬಟನ್ ಒತ್ತುವ ಮೊದಲು ಅವಳು ತಿರುಗಿದಳು.

“ಪಂಡಿತಣ್ಣ, ಏನಾದ್ರೂ ಬಿಟ್ಟಿದೀವಾ?”

ಅವನು ತಬ್ಬಿಬ್ಬಾದ. “ಡಬ್ಬಾನ ಗೋಡೆಗೆ ಅಂಟಿಸಿ ಇಡಬೇಡ,” ಎಂದ. “ಹಿಂದೆ ಗಾಳಿ ಆಡಬೇಕು. ನಂದು ಹಾಗೇ ಹಾಳಾಯ್ತು.”

ಅದು ಅವಳಿಗೆ ಗೊತ್ತಿರಲಿಲ್ಲ. ತಲೆಯಾಡಿಸಿ, ಬಟನ್ ಒತ್ತಿದಳು.

“ಅಲ್ವೇ, ಈ ಎರಡು ಫ್ಯಾನಿಂದಕ್ಕೂ ಲೈಟ್ ಇದೆಯಾ?” ಎಂದರು ಅಜ್ಜಿ.

“ಇಲ್ಲ ಅಜ್ಜಿ. ಬಾ, ತೋರಿಸ್ತೀನಿ,” ಎಂದು ಸಿಡುಕಿ ಕುರ್ಚಿಯಲ್ಲಿ ಅರ್ಧ ಜಾಗ ಬಿಟ್ಟು ಸರಿದು ಕೂತಳು.