ಮೂರು ಕಾಲಿನ ನವಿಲು

"ಇದು ಕೋಳಿನಾ?"

ಮಗ್ಗದಲ್ಲಿದ್ದ ಸೀರೆಯ ಸೆರಗಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಚಿತ್ತಮ್ಮ ಇನ್ನೂ ಪೂರ್ತಿ ತೆಗೆದಿರಲಿಲ್ಲ. ತಲೆಯೆತ್ತಿ ನೋಡಿದಳು. ಮಗ್ಗದ ಆಚೆ ಬದಿಯಲ್ಲಿ ಒಬ್ಬ ಅಪರಿಚಿತ ನಿಂತಿದ್ದ. ಮೊಣಕೈವರೆಗೆ ಒಂದು ಕೈ ಕೆಂಪು, ಇನ್ನೊಂದು ಹಸಿರು. ಮುಖದ ಮೇಲೆ ಮಾತ್ರ ಬಣ್ಣವಿಲ್ಲ, ನಾಚಿಕೆಯೂ ಇಲ್ಲ.

"ನವಿಲು," ಎಂದಳು.

"ಹಂಗಾ? ಕತ್ತು ಗಿಡ್ಡ ಆಯ್ತು ನೋಡ್ರಿ. ಅದಕ್ಕೆ..."

ಎಂಥಾ ಸೊಕ್ಕು ಇವನಿಗೆ... ಎಂದುಕೊಂಡಳು ಚಿತ್ತಮ್ಮ.

"ನನ್ನ ತಂಗಿ ಮಗ ಕಣವ್ವಾ, ಸೂರಪ್ಪ," ಎನ್ನುತ್ತಾ ಗೋವಿಂದಪ್ಪ ನಡುವೆ ಬಂದ. "ಚಳ್ಳಕೆರೆಯಿಂದ ಬಂದವ್ನೆ. ರೇಷ್ಮೆಗೆ ಬಣ್ಣ ಹಾಕ್ತಾನೆ. ಬಾಯೊಂದು ಬಿಟ್ರೆ ಒಳ್ಳೆಯವ್ನು."

ಗೋಡೆಗೆ ಒರಗಿ ಕೂತಿದ್ದ ಮುದುಕಿ ತಿಪ್ಪಕ್ಕ ನಕ್ಕಳು. "ತಪ್ಪು ಹೇಳಿದ್ಯಲ್ಲಪ್ಪಾ, ಸಿಕ್ಕೊಂಡೆ."

ಅಮಾವಾಸ್ಯೆಯ ದಿನ ಮೊಳಕಾಲ್ಮೂರಿನಲ್ಲಿ ಮಗ್ಗಕ್ಕೆ ಕೈ ಹಚ್ಚುವಂತಿಲ್ಲ. ಅಂದು ಇವರೆಲ್ಲ ಚಿತ್ತಮ್ಮನ ಅಪ್ಪ ವೆಂಕಟಪ್ಪನ ಪಡಸಾಲೆಯಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಸೇರುತ್ತಿದ್ದರು. ಯಾರೂ ಕೇಳದಿದ್ದರೂ ತಮ್ಮ ಆಸೆಗೆ ಮಾಡಿಕೊಂಡ ಕೆಲಸವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ದಿನ ಅದು. ತಿಪ್ಪಕ್ಕನದು ಕೌದಿ. ಗೋವಿಂದಪ್ಪನದು ಕೋಲಾಟದ ಪದ. ಎರಡು ಸಾಲು ಬಂದಿತ್ತು, ಮೂರನೆಯದು ಕಳೆದ ದಸರಾದಿಂದ ಬರುತ್ತಲೇ ಇತ್ತು. ಚಿತ್ತಮ್ಮನದು ಈ ಸೀರೆ.

ಕಟ್ಟಳೆ ಎರಡೇ. ಹೊಗಳಬಾರದು. ತಪ್ಪು ಹೇಳಿದವರು ಅದು ಸರಿಯಾಗುವವರೆಗೂ ಕೈ ಹಚ್ಚಬೇಕು. ಕೌದಿಯ ಮೂಲೆ ಸೊಟ್ಟ ಎಂದು ಒಮ್ಮೆ ಹೇಳಿದ್ದಕ್ಕೆ ಗೋವಿಂದಪ್ಪ ಬೇಸಿಗೆಯಿಡೀ ಸೂಜಿ ಹಿಡಿದಿದ್ದ. ಅಂದಿನಿಂದ ಅವನ ಕಣ್ಣಿಗೆ ಎಲ್ಲವೂ ನೆಟ್ಟಗೆ ಕಾಣುತ್ತಿತ್ತು.

ಹೀಗಾಗಿ ಮರುದಿನದಿಂದ ಸೂರಪ್ಪ ಮಗ್ಗದ ಆಚೆ ಬದಿಗೆ ಬಂದು ಕೂತ. ಅಗಲದ ಅಂಚಿನ ಸೀರೆಗೆ ಅಲ್ಲೊಬ್ಬರು ಕೂತು ಲಾಳಿ ಎಸೆಯಬೇಕು. ಮೊದಲ ದಿನ ಅವನ ಲಾಳಿ ಅಂಚನ್ನು ಬಿಟ್ಟು ವೆಂಕಟಪ್ಪನ ಮೊಣಕಾಲಿಗೆ ಹೋಗಿ ಬಿತ್ತು.

"ಎಸೀಬ್ಯಾಡ್ರಿ, ಕಳಿಸ್ರಿ," ಎಂದಳು ಚಿತ್ತಮ್ಮ.

"ಹೋಗು ಅಂದೆ. ಅದು ಕೇಳ್ಲಿಲ್ಲ."

ನಗು ಬಂತು. ತುಟಿ ಕಚ್ಚಿಕೊಂಡಳು.

ವೆಂಕಟಪ್ಪನಿಗೆ ಕಣ್ಣು ಮಂಜಾಗಿತ್ತು. ಮೂಲೆಯಲ್ಲಿ ಕೂತು ನೂಲು ಸುತ್ತುತ್ತಿದ್ದ. ಮಗ್ಗದ ಸದ್ದು ನಿಂತ ಕೂಡಲೇ ಕೆಮ್ಮುತ್ತಿದ್ದ. ಸದ್ದು ಶುರುವಾದರೆ ಕೆಮ್ಮು ವಾಸಿಯಾಗುತ್ತಿತ್ತು.

ಮುಂದಿನ ಅಮಾವಾಸ್ಯೆಗೆ ಕತ್ತು ಉದ್ದವಾಯಿತು.

"ಈಗೇನಂತೀರಿ?" ಚಿತ್ತಮ್ಮ ಕೇಳಿದಳು.

"ಕೊಕ್ಕು ಮೊಂಡು."

ಕೊಕ್ಕು ಚೂಪಾಯಿತು. ಅದರ ಮುಂದಿನ ಅಮಾವಾಸ್ಯೆಗೆ ಗರಿ ಬಡವು ಎಂದ. ಬಿಚ್ಚುವುದು, ನೇಯುವುದು. ಚಿತ್ತಮ್ಮ ಮುಖ ಗಂಟಿಕ್ಕಿಕೊಂಡೇ ಬಿಚ್ಚುತ್ತಿದ್ದಳು. ಒಳಗೆ ಮಾತ್ರ ಬೇರೆಯದೇ ಒಂದು ಹೆದರಿಕೆ... ಇವನಿಗೆ ತಪ್ಪು ಸಿಗದೇ ಹೋದರೆ?

ಅವಳ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಊರಿಗೆಲ್ಲ ಅಂಚು ನೇಯುವವಳು ತಾನು ಅಂಚಿಲ್ಲದ ಸೀರೆ ಉಡುತ್ತಿದ್ದಳು. ಅತ್ತು ಮುಗಿದಿತ್ತು. ಅತ್ತು ಮುಗಿದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ತಿಪ್ಪಕ್ಕ ಮಾತ್ರ ಒಮ್ಮೆ ಹೇಳಿದ್ದಳು. "ನಮ್ಮೋರಲ್ಲಿ ಉಡಿಕೆ ಐತೆ ಕಣೇ. ಗಂಡ ಹೋದವಳಿಗೆ ಒಬ್ಬ ಸೀರೆ ತಂದು ಉಡಿಸಿದ್ರೆ ಅದೇ ಮದುವೆ."

"ನೇಯೋಳಿಗೆ ಸೀರೆ ತರೋ ಧೈರ್ಯ ಯಾರಿಗೈತೆ ತಿಪ್ಪಕ್ಕಾ? ಬ್ಯಾರೆಯೋರು ನೇಯ್ದಿದ್ದು ತಂದ್ರೆ ತಪ್ಪು ಹುಡುಕಿ ಸಾಯಿಸಿಬಿಡ್ತೀನಿ."

ಮುಂದಿನ ಅಮಾವಾಸ್ಯೆ ಬಂತು. ಸೂರಪ್ಪ ನವಿಲುಗಳನ್ನು ಬಹಳ ಹೊತ್ತು ನೋಡಿದ.

"ತಪ್ಪಿಲ್ಲ," ಎಂದ.

ಚಿತ್ತಮ್ಮ ಮತ್ತೆ ನವಿಲಿನ ಕಡೆ ಕೈ ತೋರಿದಳು. "ಸರಿಯಾಗಿ ನೋಡ್ರಿ."

"ನೋಡಿದೆ. ಬ್ಯಾಗ ಮುಗಿಸ್ರಿ."

ಬೇಸರ ಬಂದಿದೆ ಇವನಿಗೆ... ತಪ್ಪಿಸಿಕೊಳ್ಳಬೇಕಾಗಿದೆ. ಇರಲಿ, ನೋಡೋಣ.

ಸೆರಗಿನಲ್ಲಿ ಇನ್ನೊಂದು ನವಿಲು ಬಾಕಿ ಇತ್ತು, ಅದು ಮುಗಿಯುವವರೆಗೆ ಅವನು ಲಾಳಿಗೆ ಬರಲೇಬೇಕಿತ್ತು. ಅದಕ್ಕೆ ಅವಳು ಮೂರು ಕಾಲು ನೇಯ್ದಳು.

ಅದರ ಮುಂದಿನ ಅಮಾವಾಸ್ಯೆ ಗೋವಿಂದಪ್ಪ ನವಿಲನ್ನು ನೋಡಿದ, ಬೆರಳು ಮಡಚಿ ಎಣಿಸಿದ, ಮತ್ತೆ ಎಣಿಸಿದ. ಕೌದಿ ನೆನಪಾಗಿ ಬಾಯಿಗೆ ಮಂಡಕ್ಕಿ ತುಂಬಿಕೊಂಡ. ಸೂರಪ್ಪ ಬಗ್ಗಿ, ಆ ಮೂರನೆಯ ಕಾಲಿನ ಮೇಲೇ ಕಣ್ಣಿಟ್ಟು ಹೇಳಿದ.

"ತಪ್ಪಿಲ್ಲ."

ಮರುದಿನ ಅವನು ಬರಲಿಲ್ಲ. ನವಿಲು ಮುಗಿದು ತಪ್ಪೂ ಇಲ್ಲದ ಮೇಲೆ ಬರುವ ಕಟ್ಟಳೆಯೂ ಇರಲಿಲ್ಲ. ಸಿಟ್ಟಿನಲ್ಲಿ ಚಿತ್ತಮ್ಮ ಸೀರೆಯನ್ನು ಮಗ್ಗದಿಂದ ಇಳಿಸಿಬಿಟ್ಟಳು. ವೆಂಕಟಪ್ಪ ಸೆರಗಿನ ಮೇಲೆ ಬೆರಳಾಡಿಸಿದ.

"ಕಾಲು ಮೂರು ಬಂತಲ್ಲಮ್ಮಾ?"

"ಇರ್ಲಿ ಬಿಡಪ್ಪಾ."

"ಇರ್ಲಿ. ಬೀಳೋ ಭಯ ಇಲ್ಲ."

ವಾರದೊಳಗೆ ಅಪ್ಪನೇ ಅದನ್ನು ಮಾರಿದ. ಯಾರೋ ಗಿರಾಕಿಗೆ ಅದೇ ಸೀರೆ ಬೇಕಂತೆ. ಅಂದು ಚಿತ್ತಮ್ಮ ಒಲೆಯ ಮುಂದೆ ಕೂತು ಅತ್ತಳು. ಮುಗಿದಿದೆ ಎಂದುಕೊಂಡಿದ್ದ ಅಳು ಎಲ್ಲಿತ್ತೋ... ಅಪ್ಪ ಕೇಳಿದ್ದಕ್ಕೆ ಹೊಗೆ ಎಂದಳು. ಒಲೆ ಹಚ್ಚಿರಲಿಲ್ಲ.

ಮತ್ತೆ ಎಲ್ಲರೂ ಸೇರಿದ ದಿನ ಸೂರಪ್ಪ ಕಂಕುಳಲ್ಲಿ ಗಂಟು ಇಟ್ಟುಕೊಂಡು ಬಂದ. ಎರಡೂ ಕೈ ತೊಳೆದು ತೊಳೆದು ಕಂದು ಬಣ್ಣಕ್ಕೆ ತಿರುಗಿದ್ದವು.

"ಈ ಸಲ ನನ್ನ ಕೆಲಸ ಇದು," ಎಂದು ಗಂಟು ಬಿಚ್ಚಿದ.

ಮೂರು ಕಾಲಿನ ನವಿಲು ಚಿತ್ತಮ್ಮನನ್ನೇ ನೋಡಿತು.

"ಉಡಿಕೆ ಕೇಳೋಕೆ ಬಂದಿದೀನಿ. ನಿಮ್ಮಪ್ಪನ್ನ ಕೇಳಿದ್ರೆ, ಉಡೋದು ನಾನಲ್ಲ, ಅವಳನ್ನೇ ಕೇಳು ಅಂದ್ರು. ತಪ್ಪಿದ್ರೆ ಹೇಳ್ರಿ."

ಪಡಸಾಲೆಯಲ್ಲಿ ಯಾರೂ ಮಂಡಕ್ಕಿ ಅಗಿಯಲಿಲ್ಲ.

"ಕಾಲು ಮೂರಿದ್ದದ್ದು ಕಾಣ್ಲಿಲ್ವಾ ನಿಮಗೆ?" ಚಿತ್ತಮ್ಮ ಕೇಳಿದಳು.

"ಕಾಣ್ತು. ಹೇಳಿದ್ರೆ ಬಿಚ್ಚಿಬಿಡ್ತಿದ್ರಿ. ಮಗ್ಗದಿಂದ ಇಳಿಯದೇ ಇದ್ರೆ ಸೀರೆ ನಾನು ಹೆಂಗೆ ತರೋದು?"

"ಬ್ಯಾರೆ ಸೀರೆ ಇರ್ಲಿಲ್ವಾ ಊರಾಗೆ?"

"ಬ್ಯಾರೆಯೋರು ನೇಯ್ದಿದ್ದು ತಂದ್ರೆ ಸಾಯಿಸ್ತೀನಿ ಅಂದಿದ್ರಂತೆ."

ತಿಪ್ಪಕ್ಕ ಮೇಲೆ ತೊಲೆಯನ್ನು ನೋಡತೊಡಗಿದಳು.

"ನಾನಂತೂ ಬಾಯಿ ಬಿಡಲ್ಲ," ಎಂದ ಗೋವಿಂದಪ್ಪ.

ಚಿತ್ತಮ್ಮ ಸೆರಗನ್ನು ಕೈಗೆತ್ತಿಕೊಂಡಳು. "ತಪ್ಪೈತೆ."

ಸೂರಪ್ಪನ ಮುಖ ಬಾಡಿತು. "ಎಲ್ಲಿ?"

"ಸೀರೇಲಲ್ಲ, ತಂದೋರಲ್ಲಿ. ಬಾಯಿ ಸರಿಯಿಲ್ಲ. ಲಾಳಿ ಬಿಡೋದು ಸರಿಯಿಲ್ಲ. ಹೇಳ್ಬೇಕಾದ್ದನ್ನ ಹೇಳದೇ, ಒಬ್ಬಳು ಅಳೋ ಹಂಗೆ ಮಾಡೋದಂತೂ..."

ಮಗ್ಗದ ಸದ್ದಿರಲಿಲ್ಲ. ಆದರೂ ವೆಂಕಟಪ್ಪ ಕೆಮ್ಮಲಿಲ್ಲ.

"ತಪ್ಪು ಹೇಳಿದೋರು ಏನ್ಮಾಡ್ಬೇಕವ್ವಾ?" ತೊಲೆಯ ಕಡೆ ನೋಡುತ್ತಲೇ ತಿಪ್ಪಕ್ಕ ಕೇಳಿದಳು.

"ಗೊತ್ತೈತೆ. ಸರಿಯಾಗೋವರೆಗೂ ಕೈ ಹಚ್ಬೇಕು."

ಸೂರಪ್ಪನಿಗೆ ಆಗ ಅರ್ಥವಾಯಿತು. ಮೆಲ್ಲಗೆ ಹೇಳಿದ.

"ನಾನು ಬ್ಯಾಗ ಸರಿಯಾಗೋನಲ್ಲ ಕಣ್ರಿ."

ಚಿತ್ತಮ್ಮ ಸೆರಗನ್ನು ಹೆಗಲಿಗೇರಿಸಿಕೊಂಡಳು.

"ಅವಸರ ಯಾರಿಗೈತೆ?"