ಹಾಜರಿ ಪುಸ್ತಕದ ಇಪ್ಪತ್ಮೂರು ಮಕ್ಕಳು

ಜುಲೈ ಎಂಟು, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಾಲಾ ಮಂಡಳಿಯ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಟೈಪ್ ಮಾಡಿಸಿದ ದೂರು, ಅದರ ಎರಡು ನಕಲು, ಮುಖದ ತುಂಬ ಸಿಡುಕು. ಇನ್‌ಸ್ಪೆಕ್ಟರ್ ದೂರನ್ನು ಓದಿ ದಫೇದಾರನ ಕಡೆ ಸರಿಸಿದರು. ಠಾಣೆಯಲ್ಲಿ ಅಕ್ಷರ ದುಂಡಗಿದ್ದದ್ದು ಅವನದೊಂದೇ. ಇಪ್ಪತ್ನಾಲ್ಕು ವರ್ಷದಿಂದ ಎಫ್‌ಐಆರ್ ಬರೆಯುವ ಕೆಲಸ ಅವನ ತಲೆಗೇ ಕಟ್ಟಿಕೊಂಡಿತ್ತು.

"ಏನೇನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಹಾಜರಿ ಪುಸ್ತಕ ಐದು, ದಾಖಲಾತಿ ರಿಜಿಸ್ಟರ್ ಒಂದು. ಹದಿನೇಳನೇ ನಂಬರ್ ಶಾಲೆಯಿಂದ."

"ದುಡ್ಡು?"

"ಒಂದು ಪೈಸೆ ಮುಟ್ಟಿಲ್ಲ."

"ಕಂಪ್ಯೂಟರು?"

"ಅದು ಅಲ್ಲೇ ಇದೆ ಮೇಡಂ. ಕೆಟ್ಟು ಕೂತು ಮೂರು ವರ್ಷ ಆಯ್ತು. ಕಳ್ಳನಿಗೂ ಬೇಡವಾಗಿರ್ಬೇಕು."

ದಫೇದಾರನಿಗೆ ನಗು ಬಂತು. ಹದಿನೇಳನೇ ನಂಬರ್ ಎಂದದ್ದು ನೆನಪಾಗಿ ನಗು ಅಲ್ಲೇ ನಿಂತಿತು. ಅವನು ಒಂದರಿಂದ ಐದರವರೆಗೆ ಓದಿದ್ದು ಅದೇ ಶಾಲೆಯಲ್ಲಿ.

ಕಾರ್ಯದರ್ಶಿಗಳು ವಿಷಯ ಬಿಡಿಸಿ ಹೇಳಿದರು. ಮಂಡಳಿಯ ಕೈಯಲ್ಲಿ ಇಪ್ಪತ್ತೆರಡು ಶಾಲೆಗಳಿದ್ದವು. ಅರವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಯನ್ನು ಮುಚ್ಚಿ, ಹೆದ್ದಾರಿಯ ಆಚೆ ಕಟ್ಟಿರುವ ದೊಡ್ಡ ಶಾಲೆಗೆ ಸೇರಿಸುವುದು ಹೊಸ ಯೋಜನೆ. ಬುಧವಾರ ಪರಿಶೀಲನಾ ತಂಡ ಬರುವುದಿತ್ತು. ಎರಡು ದಿನ ಮೊದಲು ಪುಸ್ತಕಗಳೇ ಮಾಯ.

"ನನ್ನನ್ನ ಎಲ್ಲರೂ ಶಾಲೆ ಮುಚ್ಚೋನು ಅಂತಾರೆ," ಎಂದರು ಕಾರ್ಯದರ್ಶಿಗಳು, ಯಾರೂ ಕೇಳದಿದ್ದರೂ. "ಒಂದೊಂದು ಕಡೆ ಮೂರು ಕ್ಲಾಸ್ ಒಂದೇ ಕೋಣೇಲಿ ಕೂರುತ್ತೆ. ಇರೋ ದುಡ್ಡನ್ನ ಇಪ್ಪತ್ತೆರಡು ಸೋರೋ ಸೂರಿಗೆ ಸುರಿಯೋದಾ, ಒಂದು ಒಳ್ಳೆ ಲೈಬ್ರರಿ ಕಟ್ಟೋದಾ? ನೀವೇ ಹೇಳಿ."

ಇನ್‌ಸ್ಪೆಕ್ಟರ್ ದೂರಿನ ನಕಲಿಗೆ ಮೊಹರು ಒತ್ತಿ ಕೊಟ್ಟರು. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದೂ ಮುಕ್ಕಾಲಿಗೆ ಇನ್‌ಸ್ಪೆಕ್ಟರೂ ದಫೇದಾರನೂ ಶಾಲೆಯಲ್ಲಿದ್ದರು. ಎದುರಿನ ಝೆರಾಕ್ಸ್ ಅಂಗಡಿಯವನನ್ನೂ ಹೊಲಿಗೆಯವನನ್ನೂ ಪಂಚರಾಗಿ ಕರೆಸಿ ಪಂಚನಾಮೆ ಶುರು ಮಾಡಿದರು. ಕಚೇರಿ ಕೋಣೆ ಹತ್ತಡಿಗೆ ಎಂಟಡಿ. ಒಂದೇ ಬಾಗಿಲು, ಬೀಗಕ್ಕೆ ಗೀರೂ ಬಿದ್ದಿಲ್ಲ. ಕಿಟಕಿಯ ಸರಳು ಗಟ್ಟಿ. ಮರದ ಬೀರುವಿನ ಬೀಗ ಹಾಕಿದಂತೆಯೇ ಇತ್ತು, ಅದನ್ನು ಹಿಡಿದಿದ್ದ ಕೊಂಡಿಯನ್ನು ಮಾತ್ರ ಬಿಚ್ಚಿ ತೆಗೆದಿದ್ದರು.

"ಸ್ಕ್ರೂಗಳೆಲ್ಲಿ?" ಇನ್‌ಸ್ಪೆಕ್ಟರ್ ಬಗ್ಗಿ ನೆಲ ನೋಡಿದರು.

ನೆಲದಲ್ಲಿರಲಿಲ್ಲ. ಮೇಜಿನ ಮೇಲೆ ಸೀಮೆಸುಣ್ಣದ ಡಬ್ಬಿಯ ಮುಚ್ಚಳದಲ್ಲಿ ನಾಲ್ಕೂ ಸ್ಕ್ರೂ ಸಾಲಾಗಿ ಕೂತಿದ್ದವು.

"ಬರ್ಕೊಳ್ಳಿ ದಫೇದಾರ್ರೇ. ಸ್ಕ್ರೂ ನಾಲ್ಕು, ಮುಚ್ಚಳದಲ್ಲಿ. ಇಷ್ಟು ಅಚ್ಚುಕಟ್ಟಾದ ಕಳ್ಳನನ್ನ ನಾನು ಇದೇ ಮೊದಲು ನೋಡ್ತಿರೋದು."

ಮುಖ್ಯೋಪಾಧ್ಯಾಯಿನಿ ಬಾಗಿಲ ಬಳಿ ನಿಂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನಿವೃತ್ತಿಗೆ ಎಂಟು ತಿಂಗಳು ಉಳಿದಿತ್ತು. ಅವರ ಕಣ್ಣು ದಫೇದಾರನ ಮೇಲೆ ಬಿತ್ತು, ಜಾರಿತು, ಮತ್ತೆ ಬಂದು ನಿಂತಿತು.

"ಬಳಪ ತಿಂತಿದ್ದೆಯಲ್ಲ, ಅವನೇ ಅಲ್ವೇನೋ ನೀನು?"

ನಲವತ್ತಾರು ವರ್ಷದ ದಫೇದಾರ ಟೋಪಿ ತೆಗೆದ. "ಹೌದು ಟೀಚರ್."

"ಈಗ ಬಿಟ್ಟಿದೀಯಾ?"

"ಬಿಟ್ಟಿದೀನಿ ಟೀಚರ್."

ಪಂಚರಿಬ್ಬರೂ ಗೋಡೆ ಕಡೆ ತಿರುಗಿ ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. "ಕೋಣೆಗೆ ಎಷ್ಟು ಕೀ ಇವೆ?" ಎಂದು ಕೇಳಿದರು.

"ಎರಡು. ಒಂದು ನನ್ನ ಹತ್ರ, ಒಂದು ಜವಾನನ ಹತ್ರ."

"ಅವನೆಲ್ಲಿ?"

"ಗುರುವಾರದಿಂದ ರಜೆ. ಹೆಂಡತಿಗೆ ಕಣ್ಣಿನ ಆಪರೇಷನ್."

ಜವಾನನನ್ನು ಮಧ್ಯಾಹ್ನ ಆಸ್ಪತ್ರೆಯಲ್ಲೇ ಹಿಡಿದು ಮಾತಾಡಿಸಿದರು. ನಾಲ್ಕು ದಿನದಿಂದ ವಾರ್ಡ್ ಬಿಟ್ಟು ಕದಲಿಲ್ಲವೆಂದು ದಾದಿಯರೇ ಹೇಳಿದರು. 

"ಕೀ ಕೊಡು," ಎಂದರು ಇನ್‌ಸ್ಪೆಕ್ಟರ್.

"ನನ್ನತ್ರ ಎಲ್ಲಿದೆ ಮೇಡಂ? ರಜೆಗೆ ಹೋಗುವಾಗ ದೊಡ್ಡ ಟೀಚರ್ ಇಸ್ಕೊಂಡ್ರು. ಪುಸ್ತಕದಲ್ಲಿ ಸೈನ್ ಕೂಡ ಹಾಕಿಸ್ಕೊಂಡ್ರು."

ಇಬ್ಬರೂ ಜೀಪಿಗೆ ಮರಳಿದರು. ಎರಡು ಕೀಗಳೂ ಒಬ್ಬರ ಕೈಯಲ್ಲೇ ಇದ್ದವು. ಅದನ್ನು ಬಾಯಿಬಿಟ್ಟು ಹೇಳಲು ದಫೇದಾರನಿಗೆ ಮನಸ್ಸು ಬರಲಿಲ್ಲ.

"ಟೀಚರ್ ಅಂಥೋರಲ್ಲ ಮೇಡಂ," ಎಂದ ಕೊನೆಗೆ.

"ಎಂಥೋರು ಅಂತ ನಾನಿನ್ನೂ ಕೇಳೇ ಇಲ್ವಲ್ಲ," ಎಂದರು ಇನ್‌ಸ್ಪೆಕ್ಟರ್.

ಮಂಗಳವಾರ ಬೆಳಿಗ್ಗೆ ಮಂಡಳಿಯ ಕಚೇರಿಯಿಂದ ಒಂದು ಪಟ್ಟಿ ತರಿಸಿದರು. ಸಮವಸ್ತ್ರ, ಪುಸ್ತಕ, ಶೂ ಹಂಚಲು ಪ್ರತಿ ಶಾಲೆಯೂ ವರ್ಷದ ಆರಂಭದಲ್ಲಿ ಕಳಿಸುವ ಪಟ್ಟಿ ಅದು. ಮಗುವಿನ ಹೆಸರು, ತಂದೆಯ ಹೆಸರು, ತರಗತಿ, ಮನೆ. ಹದಿನೇಳನೇ ನಂಬರ್ ಶಾಲೆಯಲ್ಲಿ ಒಟ್ಟು ಅರವತ್ನಾಲ್ಕು ಮಕ್ಕಳು. ಪಟ್ಟಿ ಹಿಡಿದು ದಫೇದಾರನೂ ಮಹಿಳಾ ಪೇದೆಯೂ ಮನೆಮನೆ ಸುತ್ತಿದರು. ಸಂಜೆ ನಾಲ್ಕರ ಹೊತ್ತಿಗೆ ನಲವತ್ತೊಂದು ಮಕ್ಕಳು ಸಿಕ್ಕರು. ಉಳಿದವರ ವಿಳಾಸಗಳಲ್ಲಿ ಒಂದು ಕಡೆ ಗ್ಯಾರೇಜು, ಒಂದು ಕಡೆ ಮೊಬೈಲ್ ಟವರು, ಇನ್ನೊಂದು ಕಡೆ ಅಗಲ ಮಾಡಿದ ರಸ್ತೆ.

"ಈ ಮನೆ ಒಡೆದು ಹದಿನೈದು ವರ್ಷ ಆಗಿರ್ಬೇಕಲ್ಲ ಸಾರ್," ಎಂದಳು ಪೇದೆ. "ಇಲ್ಲಿ ಮಗು ಎಲ್ಲಿಂದ ಬರ್ಬೇಕು?"

ದಫೇದಾರ ಗ್ಯಾರೇಜಿನ ನೆರಳಲ್ಲಿ ನಿಂತು, ಸಿಗದ ಇಪ್ಪತ್ಮೂರು ಹೆಸರುಗಳನ್ನು ಮೊದಲ ಬಾರಿಗೆ ಒಟ್ಟಾಗಿ ಓದುತ್ತಿದ್ದ. ಒಂದು ಹೆಸರು ಈಗ ಸೈಕಲ್ ಅಂಗಡಿ ಇಟ್ಟಿರುವವನದು. ಇನ್ನೊಂದು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವವಳದು. ಹತ್ತನೆಯ ಸಾಲಿಗೆ ಬಂದಾಗ ಅವನ ಬೆರಳು ನಿಂತಿತು. ನಾಲ್ಕನೇ ತರಗತಿ. ತಂದೆಯ ಹೆಸರು ಅವನ ಅಪ್ಪನದೇ. ಮನೆ, ಅಪ್ಪ ಬಾಡಿಗೆಗಿದ್ದ ಹಳೇ ವಠಾರ. ಆ ಮಗು ಅವನೇ.

ಕೆಳಗೆ ಐದನೇ ತರಗತಿಯ ಪಟ್ಟಿಯಲ್ಲಿ ಇನ್ನೊಂದು ಹೆಸರಿತ್ತು. ನಾಲ್ಕನೇ ತರಗತಿಯಲ್ಲಿ ಅವನ ಪಕ್ಕದ ಮಣೆಯಲ್ಲಿ ಕೂರುತ್ತಿದ್ದ ಹುಡುಗಿಯದು. ಆ ವರ್ಷದ ಬೇಸಿಗೆ ರಜೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಿದ್ದಳು.

ಐದು ಗಂಟೆಗೆ ಅವನು ಇನ್‌ಸ್ಪೆಕ್ಟರ್ ಮುಂದೆ ಪಟ್ಟಿ ಇಟ್ಟ.

"ಮೇಡಂ, ಹತ್ತನೇ ಹೆಸರು ನಂದು."

ಇನ್‌ಸ್ಪೆಕ್ಟರ್ ಪಟ್ಟಿಯನ್ನೂ ಅವನ ಮುಖವನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಎದುರಿನ ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ. ಈ ಕ್ಷಣದಿಂದ ನೀವು ತನಿಖೆಯಲ್ಲಿಲ್ಲ, ಸಾಕ್ಷಿ. ನಿಮ್ಮ ಹೇಳಿಕೆ ನಾನೇ ಬರ್ಕೊಳ್ತೀನಿ. ಅಕ್ಷರ ಕೆಟ್ಟದಾಗಿದ್ರೆ ಸಹಿಸ್ಕೊಳ್ಳಿ."

ಬುಧವಾರ ಪರಿಶೀಲನಾ ತಂಡ ಬಂದು, ಪುಸ್ತಕಗಳಿಲ್ಲದೆ ಬರಿಗೈಲಿ ಹೋಯಿತು. ಗುರುವಾರ ಇನ್‌ಸ್ಪೆಕ್ಟರ್ ಒಂಬತ್ತನೇ ನಂಬರ್ ಶಾಲೆಗೆ ಹೋಗಿ ಬಂದರು. ಅಲ್ಲಿ ನೂರಾ ಹದಿನೆಂಟು ಮಕ್ಕಳು, ಮೂವರು ಶಿಕ್ಷಕರು. ವರಾಂಡದಲ್ಲಿ ಒಂದು ತರಗತಿ, ಒಳಗಿನ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಎರಡು ತರಗತಿ. ಗಂಟಲು ಕಟ್ಟಿದ ಶಿಕ್ಷಕಿಯೊಬ್ಬರು ಹೇಳಿದ ಮಾತನ್ನು ಇನ್‌ಸ್ಪೆಕ್ಟರ್ ಹಾಗೇ ಬರೆದುಕೊಂಡಿದ್ದರು: "ಎರಡು ವರ್ಷದಿಂದ ಇನ್ನೊಬ್ಬ ಟೀಚರ್ ಕೊಡಿ ಅಂತ ಬೇಡ್ಕೊಳ್ತಿದೀವಿ. ಇದ್ದ ಒಂದು ಹುದ್ದೆ ಹದಿನೇಳಕ್ಕೆ ಹೋಯ್ತು, ಅಲ್ಲಿ ಅರವತ್ತರ ಮೇಲೆ ಮಕ್ಕಳಿದಾರೆ ಅಂದ್ರು."

ಶುಕ್ರವಾರ, ಜುಲೈ ಹನ್ನೆರಡು. ಮಧ್ಯಾಹ್ನ ಮೂರು ಹತ್ತಕ್ಕೆ ಜೀಪು ಶಾಲೆಯ ಗೇಟಿಗೆ ಬಂತು. ಇನ್‌ಸ್ಪೆಕ್ಟರ್, ಮಹಿಳಾ ಪೇದೆ, ಜೊತೆಗೆ ದಫೇದಾರ. ಅವನು ಬರಬೇಕಾಗಿರಲಿಲ್ಲ. ಬರಲಾ ಎಂದು ಕೇಳಿದ್ದ. ಇನ್‌ಸ್ಪೆಕ್ಟರ್ ಬೇಡ ಎಂದಿರಲಿಲ್ಲ.

ಒಳಗೆ ಭಾಗಾಕಾರ ನಡೆಯುತ್ತಿತ್ತು. ಟೀಚರ್ ಕಿಟಕಿಯಿಂದ ಸಮವಸ್ತ್ರ ನೋಡಿದರು. ಸೀಮೆಸುಣ್ಣ ಕೆಳಗಿಡದೆ, ಶೇಷ ಎಷ್ಟು ಎಂದು ಮಕ್ಕಳನ್ನು ಕೇಳಿದರು.

"ನಾಲ್ಕು ಗಂಟೆಗೆ ಬಿಡ್ತಾರೆ ಮೇಡಂ," ಎಂದ ದಫೇದಾರ.

"ಕಾಯೋಣ."

ಮಕ್ಕಳು ಜೀಪನ್ನು ಮುಟ್ಟಿ ಮುಟ್ಟಿ ನೋಡಿ ಮನೆಗೆ ಹೋದ ಮೇಲೆ, ಖಾಲಿ ತರಗತಿಯಲ್ಲಿ ಮಾತು ಶುರುವಾಯಿತು.

"ಎರಡೂ ಕೀ ನಿಮ್ಮ ಹತ್ರಾನೇ ಇತ್ತು," ಎಂದರು ಇನ್‌ಸ್ಪೆಕ್ಟರ್.

"ಇತ್ತು."

"ಕೊಂಡಿ ಬಿಚ್ಚಿದ್ದು?"

"ನಾನೇ. ಭಾನುವಾರ ಬೆಳಿಗ್ಗೆ. ಒಡೆಯೋಕೆ ಮನಸ್ಸಾಗ್ಲಿಲ್ಲ. ಬೀರು ಶಾಲೇದು."

"ಪುಸ್ತಕ ಸುಟ್ರಾ?"

ಟೀಚರ್ ಮೊದಲ ಬಾರಿ ರೇಗಿದರು. "ನಿಜವಾದ ನಲವತ್ತೊಂದು ಮಕ್ಕಳ ಹೆಸರೂ ಅದರಲ್ಲೇ ಇದೆ. ನಾಳೆ ಅವಕ್ಕೆ ಟಿಸಿ ಬೇಕಾದ್ರೆ? ಹೇಗೆ ಸುಡ್ಲಿ? ಮನೇಲಿದೆ, ಟ್ರಂಕಿನಲ್ಲಿ."

"ಇಪ್ಪತ್ಮೂರು ಹೆಸರು ಎಷ್ಟು ವರ್ಷದಿಂದ?"

"ಮೂರು ವರ್ಷ. ಮೊದಲ ವರ್ಷ ಆರು ಹಾಕಿದೆ. ಮಕ್ಕಳು ಕಮ್ಮಿ ಆದ ಹಾಗೆ ಇವು ಜಾಸ್ತಿ ಆದವು. ಇಲ್ಲದ ಹೆಸರು ಹುಟ್ಟಿಸೋಕೆ ಕೈ ಬರ್ಲಿಲ್ಲ. ಈ ಹೆಸರಿನೋರು ಒಂದು ಕಾಲಕ್ಕಾದ್ರೂ ಇಲ್ಲೇ ಕೂತಿದ್ರಲ್ಲ, ಆ ಧೈರ್ಯ." ಅವರು ದಫೇದಾರನ ಕಡೆ ತಿರುಗಿದರು. "ವಾರಕ್ಕೊಂದು ದಿನ ನಿನಗೆ ಗೈರುಹಾಜರಿ ಹಾಕ್ತಿದ್ದೆ ಕಣೋ. ಆಗ್ಲೂ ನೀನು ಹಾಗೇ ತಾನೆ ಇದ್ದಿದ್ದು?"

ಅವನು ತಲೆ ತಗ್ಗಿಸಿಯೇ ಕೇಳಿದ. "ಅವಳ ಹೆಸರು ಯಾಕೆ ಹಾಕಿದ್ರಿ ಟೀಚರ್? ಜ್ವರದಲ್ಲಿ ಹೋದವಳದು."

"ಅವಳು ಐದನೇ ಕ್ಲಾಸಿಗೆ ಹೋಗ್ಬೇಕಾಗಿತ್ತು," ಎಂದರು ಟೀಚರ್. 

ಹಿಂದಿನ ಕೋಣೆಯಲ್ಲಿ ಹೆಚ್ಚುವರಿ ಶೂ, ಸಮವಸ್ತ್ರ, ಪುಸ್ತಕಗಳೆಲ್ಲ ಕಟ್ಟು ಬಿಚ್ಚದೆ ಬಿದ್ದಿದ್ದವು. ಪೇದೆ ಎಣಿಸಿ ಬಂದು, ಒಂದೂ ಮಾರಿಕೊಂಡಿಲ್ಲ ಮೇಡಂ ಎಂದಳು.

"ಒಂಬತ್ತನೇ ನಂಬರ್ ಶಾಲೆಗೆ ಹೋಗಿದ್ದೆ," ಎಂದರು ಇನ್‌ಸ್ಪೆಕ್ಟರ್. "ಅಲ್ಲಿ ನೂರಾ ಹದಿನೆಂಟು ಮಕ್ಕಳಿಗೆ ಮೂವರು. ಅವರಿಗೆ ಹೋಗ್ಬೇಕಿದ್ದ ಟೀಚರ್ ಇಲ್ಲಿದಾರೆ. ಗೊತ್ತಿತ್ತಾ?"

ಟೀಚರ್ ಸೆರಗಿನಿಂದ ಕೈಯ ಸುಣ್ಣ ಒರೆಸಿಕೊಂಡರು. ಒರೆಸಿದ ಮೇಲೂ ಒರೆಸುತ್ತಿದ್ದರು.

"ಗೊತ್ತಿರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆ ಮಕ್ಕಳನ್ನ ನಾನು ನೋಡಿರ್ಲಿಲ್ಲ. ನೋಡ್ಬಾರ್ದು ಅಂತಾನೇ ಆ ಕಡೆ ಹೋಗ್ತಿರ್ಲಿಲ್ಲ."

"ಮತ್ಯಾಕೆ ಮಾಡಿದ್ರಿ?"

ಅವರು ಎದ್ದು ಮೇಜಿನ ಖಾನೆಯಿಂದ ಒಂದು ಕಡತ ತೆಗೆದುಕೊಟ್ಟರು. ಎಂಟು ವರ್ಷದ ಹಿಂದೆ ಮಂಡಳಿ ಇಂಥದೇ ಸುಧಾರಣೆ ಮಾಡಿ ಪಕ್ಕದ ಬಡಾವಣೆಯ ಹನ್ನೆರಡನೇ ನಂಬರ್ ಶಾಲೆಯನ್ನು ಹೆದ್ದಾರಿಯಾಚೆಗೆ ಸೇರಿಸಿತ್ತು. ಹನ್ನೆರಡರಿಂದ ಹೊರಟ ಮಕ್ಕಳು ಐವತ್ತೆರಡು, ಹೆದ್ದಾರಿಯಾಚೆ ಸೇರಿದವರು ಮೂವತ್ಮೂರು. ಹತ್ತೊಂಬತ್ತು ಮಕ್ಕಳು ಯಾವ ಶಾಲೆಗೂ ಹೋಗಲಿಲ್ಲ. ಆ ಹತ್ತೊಂಬತ್ತು ಹೆಸರು, ಮನೆಯ ಗುರುತು ಕಡತದಲ್ಲಿದ್ದವು. ಅವರ ಸಲುವಾಗಿ ಮಂಡಳಿಗೆ ಬರೆದ ಹನ್ನೊಂದು ಪತ್ರಗಳ ನಕಲುಗಳಿದ್ದವು. ಪ್ರತಿಯೊಂದರ ಮೇಲೂ ಸ್ವೀಕರಿಸಿದ ಮೊಹರು ಇತ್ತು. ಉತ್ತರ ಒಂದಕ್ಕೂ ಇರಲಿಲ್ಲ.

"ಇದ್ದ ಮಕ್ಕಳು ಕಾಣೆಯಾದಾಗ ಯಾರೂ ಲೆಕ್ಕ ಕೇಳ್ಲಿಲ್ಲ," ಎಂದರು ಟೀಚರ್. "ಇಲ್ಲದ ಮಕ್ಕಳನ್ನ ಬರೆದಾಗ್ಲೂ ಕೇಳ್ಲಿಲ್ಲ. ಮೊದಮೊದಲು ಹಾಜರಿ ಹಾಕುವಾಗ ಕೈ ನಡುಗ್ತಿತ್ತು. ಆಮೇಲೆ ನಡುಗೋದು ನಿಂತೋಯ್ತು. ನನಗೆ ಹೆದರಿಕೆಯಾಗಿದ್ದು ಆವಾಗ."

ಐದು ಹತ್ತಕ್ಕೆ ಅವರ ಮನೆಯಲ್ಲಿ, ಜೊತೆಗಿರುವ ತಂಗಿಯ ಮತ್ತು ಇಬ್ಬರು ಪಂಚರ ಎದುರಿಗೆ, ಆರು ಪುಸ್ತಕಗಳನ್ನು ವಶಪಡಿಸಿಕೊಂಡು ಪಂಚನಾಮೆ ಬರೆಯಲಾಯಿತು. ಐದು ನಲವತ್ತಕ್ಕೆ, ಸೂರ್ಯ ಮುಳುಗುವ ಮೊದಲು, ಮಹಿಳಾ ಪೇದೆ ಅವರನ್ನು ಬಂಧಿಸಿದಳು. ಬಂಧನದ ಕಾಗದಕ್ಕೆ ಸಹಿ ಹಾಕುವ ಮೊದಲು ಟೀಚರ್ ಪೂರ್ತಿ ಓದಿದರು. ಎರಡು ಕಡೆ ಕಾಗುಣಿತ ತಪ್ಪಿತ್ತು. ತಿದ್ದಲು ಪೆನ್ನು ಎತ್ತಿದವರು, ಯಾಕೋ ಬೇಡವೆಂದು ಸಹಿಯಷ್ಟೇ ಹಾಕಿದರು. ಶನಿವಾರ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಾಗ ಜಾಮೀನು ಸಿಕ್ಕಿತು. ಪಿಂಚಣಿಯ ಮಾತು ಪ್ರಕರಣ ಮುಗಿಯುವವರೆಗೆ ತೂಗಾಡುವಂತಾಯಿತು.

ಆರೋಪಪಟ್ಟಿಗೆ ಇನ್‌ಸ್ಪೆಕ್ಟರ್ ಆ ಹನ್ನೊಂದು ಪತ್ರಗಳನ್ನೂ ಲಗತ್ತಿಸಿದರು. ಇವು ಯಾಕೆ ಎಂದು ಸರ್ಕಾರಿ ವಕೀಲರು ಕೇಳಿದಾಗ, "ಕಡತದಲ್ಲಿ ಸಿಕ್ಕಿದ್ದನ್ನೆಲ್ಲ ಕೊಡ್ಬೇಕಲ್ಲ ಸಾರ್," ಎಂದಷ್ಟೇ ಹೇಳಿದರು. ಮಂಡಳಿ ಇಪ್ಪತ್ತೆರಡೂ ಶಾಲೆಗಳಲ್ಲಿ ಮಕ್ಕಳ ತಲೆ ಎಣಿಸಿತು. ಒಂಬತ್ತನೇ ನಂಬರಿಗೆ ಆಗಸ್ಟ್‌ನಲ್ಲಿ ನಾಲ್ಕನೇ ಶಿಕ್ಷಕಿ ಬಂದರು. ಹದಿನೇಳನೇ ನಂಬರಿನ ನಲವತ್ತೊಂದು ಮಕ್ಕಳ ವಿಷಯ ಮುಂದಿನ ಸಭೆಗೆ ಹೋಯಿತು, ಅಲ್ಲಿಂದ ಅದರ ಮುಂದಿನ ಸಭೆಗೆ.

ದಫೇದಾರ ತನ್ನ ವಾರದ ರಜೆಯ ದಿನ, ಸಾದಾ ಅಂಗಿ ತೊಟ್ಟು, ಕಡತದ ಹತ್ತೊಂಬತ್ತು ಮಕ್ಕಳ ಪಟ್ಟಿಯ ಮೊದಲ ಮನೆಗೆ ಹೋದ. ಅಲ್ಲಿಂದ ಇಸ್ತ್ರಿ ಅಂಗಡಿಗೆ ಕಳಿಸಿದರು. ಹದಿನೇಳು ವರ್ಷದ ಹುಡುಗಿಯೊಬ್ಬಳು ಅಂಗಿಯ ಕಾಲರ್ ತಿರುವುತ್ತಿದ್ದಳು.

"ಹನ್ನೆರಡನೇ ನಂಬರ್ ಶಾಲೇಲಿ ಓದ್ತಿದ್ದೆಯೇನಮ್ಮ?"

"ಮೂರನೇ ಕ್ಲಾಸಿನವರೆಗೆ. ಯಾಕ್ ಸಾರ್, ನಾನೇನ್ ಮಾಡ್ದೆ?"

"ನೀನೇನೂ ಮಾಡಿಲ್ಲ. ಆಮೇಲೆ ಯಾಕೆ ಹೋಗ್ಲಿಲ್ಲ ಅಂತ ಕೇಳೋಣ ಅಂತ ಬಂದೆ."

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಯೋಚಿಸಿದಳು. "ರಸ್ತೆ ದಾಟಿಸೋಕೆ ಯಾರೂ ಇರ್ಲಿಲ್ಲ ಸಾರ್. ಅಮ್ಮ ಒಂದು ವಾರ ಬಂದ್ಲು. ಆಮೇಲೆ ಅವಳನ್ನ ಕೆಲಸದಿಂದ ತೆಗೀತೀವಿ ಅಂದ್ರು."

ಅವನು ಬರೆದುಕೊಂಡ. ಬರೆದದ್ದನ್ನು ಠಾಣೆಯ ರೂಢಿಯಂತೆ ಗಟ್ಟಿಯಾಗಿ ಓದಿ ಹೇಳಿ, ಸರಿಯಾಗಿದೆಯಾ ಎಂದು ಕೇಳಿದ. ಸರಿಯಾಗಿದೆ ಎಂದಳು. ಹೆಬ್ಬೆಟ್ಟು ಒತ್ತಲು ಶಾಯಿ ಬೇಕೇನೋ ಎಂದು ಅವನು ಅತ್ತಿತ್ತ ನೋಡುವಷ್ಟರಲ್ಲಿ, ಹುಡುಗಿ ಪೆನ್ನು ಇಸಿದುಕೊಂಡು, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು.