ಮೂಲೆಗೆ ಮಸಿ ಬಳಿದ ಕಾಗದ

"ಬೂಟು ಬುಟ್ಟು ಬನ್ನಿ. ಎಲೆತೋಟಕ್ಕೆ ಕಾಲ್ಮರಿ ಮೆಟ್ಕೊಂಡು ಬರಾಕಿಲ್ಲ."

ಹೆಣ್ಣು ನೋಡಲು ಗುಂಡ್ಲುಪೇಟೆಯಿಂದ ಬಂದಿದ್ದ ಗಂಡಿಗೆ ಹರವೆಯ ಶಾಂತಮಲ್ಲಮ್ಮ ಆಡಿದ ಮೊದಲ ಮಾತು ಇದು.

ಬೇಲಿಯಾಚೆ ಖಾಕಿ ತೊಟ್ಟು ನಿಂತಿದ್ದ ಗಂಗಾಧರಸ್ವಾಮಿ ಬಾಗಿ ಬೂಟು ಬಿಚ್ಚಿದ. ಆಮೇಲೆ ಕತ್ತೆತ್ತಿ, "ಇನ್ನೇನು ಬುಡಬೇಕು?" ಎಂದ.

"ಮಾತು," ಎಂದಳು ಅವಳು, ನಗದೆ.

ಅಂದು ಸಂಜೆಯವರೆಗೆ ಅವನು ಮಾತು ಬಿಟ್ಟು ವೀಳ್ಯದ ಬಳ್ಳಿಯ ತುಂಡುಗಳನ್ನು ನೆಟ್ಟ. ನಾಲ್ಕು ಸಾಲು. ಮಣ್ಣಾದ ಆ ಹತ್ತು ಬೆರಳುಗಳನ್ನು ಅವಳು ಕದ್ದು ನೋಡಿದಳು. ಒಪ್ಪಿಗೆಯೆಂಬುದು ಬಾಯಿಗೆ ಬರುವ ಮೊದಲೇ ಕಣ್ಣಿಗೆ ಬಂದುಬಿಟ್ಟಿತ್ತು.

ಅದು ಸಾವಿರದ ಒಂಬೈನೂರ ಐವತ್ತರ ಕಾರ್ತಿಕ. ಮದುವೆ ಅವನು ತಿರುಗಿ ಬಂದ ಮೇಲೆ ಎಂದು ಗೊತ್ತಾಗಿ, ಮರುವಾರವೇ ಅವನು ಹೊರಟುಹೋದ. ಗಾಯಗೊಂಡವರನ್ನು ಹೊರುವ ಪಡೆ, ಕೊರಿಯಾ ಎಂಬ ದೇಶ. ಆ ಹೆಸರನ್ನು ಹರವೆ ಅದುವರೆಗೆ ಕೇಳಿರಲಿಲ್ಲ. ಕೇಳಿದ ಮೇಲೆ ಆ ಮನೆಯಲ್ಲಿ ಬೇರೇನೂ ಕೇಳಿಸಲಿಲ್ಲ.

ಅವನಿಗೆ ಹಿಂದೆ ಮುಂದೆ ಯಾರೂ ಇಲ್ಲ. ಹಾಗಾಗಿ ಕಾಗದಗಳೆಲ್ಲ ಅವಳ ತಂದೆ ಮರಿಮಲ್ಲಪ್ಪನ ಹೆಸರಿಗೇ ಬರುತ್ತಿದ್ದವು. ವಾರಕ್ಕೊಮ್ಮೆ ಎಲೆ ಕೊಳ್ಳಲು ಬರುವ ಚಾಮರಾಜನಗರದ ವ್ಯಾಪಾರಿ ಹಿದಾಯತ್ ಉಲ್ಲಾ ಓದಿ ಹೇಳುತ್ತಿದ್ದರು. ಅಲ್ಲಿ ನೀರು ಕಲ್ಲಾಗುತ್ತದಂತೆ, ಹೆಣಗಳು ಕೊಳೆಯುವುದಿಲ್ಲವಂತೆ. ಕೊನೆಯಲ್ಲಿ ಪ್ರತಿಸಲವೂ ಒಂದೇ ಪ್ರಶ್ನೆ: ಬಳ್ಳಿ ಎಷ್ಟು ಎತ್ತರ ಬಂತು?

ಅಕ್ಷರ ತಿಳಿಯದ ಶಾಂತಮಲ್ಲಮ್ಮ ಲಕೋಟೆಯ ಮೇಲಿನ ಬರಹವನ್ನೇ ಗಂಟೆಗಟ್ಟಲೆ ನೋಡುತ್ತಿದ್ದಳು. ತಂದೆಯ ಹೆಸರಿನ ಕೊನೆಯ ಒತ್ತನ್ನು ಅವನು ಬೇರಿನಂತೆ ಕೆಳಗೆ ಎಳೆಯುತ್ತಿದ್ದ. ಹಗಲೆಲ್ಲ ತೋಟದಲ್ಲಿರುತ್ತಿದ್ದಳು. ಒಂದು ಹೊಸ ಎಲೆ ಬಿಚ್ಚಿಕೊಂಡರೆ, 'ಇವತ್ತು ಇದ್ದಾರೆ' ಎಂದುಕೊಳ್ಳುತ್ತಿದ್ದಳು. ಅದು ಲೆಕ್ಕವಲ್ಲ, ಉಸಿರು.

ಎರಡನೆಯ ಚಳಿಗಾಲ ಕಳೆಯುವಾಗ ಒಂದು ಲಕೋಟೆ ಬಂತು.

ಅದರ ಮೂಲೆಗೆ ಮಸಿ ಬಳಿದಿತ್ತು.

ಶುಭದ ಕಾಗದಕ್ಕೆ ಅರಿಸಿನ, ಸಾವಿನ ಕಾಗದಕ್ಕೆ ಮಸಿ. ಮಸಿಯ ಕಾಗದ ಹೊಸಿಲು ದಾಟಬಾರದು. ಮರಿಮಲ್ಲಪ್ಪ ಅದನ್ನು ಒಡೆಯಲಿಲ್ಲ. ಬಾವಿಕಟ್ಟೆಯ ಬಳಿ ನಿಂತು, ಹರಿದು ನೀರಿಗೆ ಬಿಟ್ಟ.

ಒಂದು ಚೂರು ಕಟ್ಟೆಯ ಮೇಲೆ ಉಳಿಯಿತು. ಅವಳು ಎತ್ತಿಕೊಂಡಳು. ಬೇರಿನಂತೆ ಇಳಿದ ಅದೇ ಒತ್ತು!

"ಸತ್ತೋರು ತಮ್ಮ ಸಾವಿನ ಕಾಗದಕ್ಕೆ ತಾವೇ ವಿಳಾಸ ಬರೀತಾರಾ, ಅಪ್ಪ?"

ಆ ವಾರ ಹಿದಾಯತ್ ಉಲ್ಲಾ ಬಂದಾಗ ಅವಳು ಅದನ್ನೇ ಕೇಳಿದಳು. ಅವರು ಕೈಲಿದ್ದ ಎಲೆಯ ಕಟ್ಟನ್ನು ಕೆಳಗಿಟ್ಟರು. ಹಿಂದಿನ ಯುದ್ಧದಲ್ಲಿ ಬರ್ಮಾಕ್ಕೆ ಹೋದ ತಮ್ಮನೂ ಹೀಗೆಯೇ ಮೊದಲೇ ವಿಳಾಸ ಬರೆದ ಲಕೋಟೆಯೊಂದನ್ನು ದಿಂಬಿನಡಿ ಇಟ್ಟಿದ್ದನೆಂದೂ, ಅದನ್ನು ಅಂಚೆಗೆ ಹಾಕಿದವನು ಬೇರೊಬ್ಬನೆಂದೂ ನಿಧಾನವಾಗಿ ಹೇಳಿದರು.

ಅಂದಿನಿಂದ ಆಕಾಶ ಅವಳಿಗೆ ಒಣಗದ ಗಾಯದಂತೆ ಕಂಡಿತು.

ತಂದೆ ಉಮ್ಮತ್ತೂರಿನ ಸಂಬಂಧವೊಂದನ್ನು ಮಾತಾಡಿ ಬಂದ. ಅವಳು ಒಂದೇ ಗಡುವು ಕೇಳಿದಳು. ಮುಂಗಾರಿಗೆ ಮುಂಚೆ ಎತ್ತರ ಬೆಳೆದ ಬಳ್ಳಿಯನ್ನು ಆಸರೆಯ ಮರದಿಂದ ಇಳಿಸಿ, ಸುರುಳಿ ಸುತ್ತಿ, ಜೀವಂತವಾಗಿಯೇ ಮಣ್ಣಿನಲ್ಲಿ ಹೂಳಬೇಕು. ಹೂತದ್ದು ಚಿಗುರಿದರೆ ತೋಟ ಉಳಿದಂತೆ. ಅಷ್ಟರವರೆಗೆ ತನ್ನನ್ನು ಬಿಡಬೇಕು.

"ಚಿಗುರ್ದಿದ್ರೆ?" ಎಂದ ತಂದೆ.

"ನೀ ಹೇಳ್ದಂಗೆ ಕೇಳ್ತೀನಿ."

ನಾಲ್ಕು ಸಾಲನ್ನೂ ಅವಳೊಬ್ಬಳೇ ಹೂತಳು. ಬೇಲಿಯಾಚೆ ನಿಂತ ಹೆಂಗಸರಿಗೆ ಅದು ಬೇರೆಯೇ ಕೆಲಸದಂತೆ ಕಂಡಿತು. ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಪ್ಪತ್ತು ದಿನ ಮಣ್ಣು ಮಾತಾಡಲಿಲ್ಲ. ಇಪ್ಪತ್ತೈದು... ಇಪ್ಪತ್ತೆಂಟನೆಯ ದಿನ ಮೂರು ಸಾಲು ಮೊಳೆತವು. ಒಂದು ಕೊಳೆತಿತ್ತು.

ಇದನ್ನು ಹೇಗೆ ಓದಬೇಕೆಂದು ಅವಳಿಗೆ ತಿಳಿಯಲಿಲ್ಲ.

ಆ ವಾರವೇ ಹಿದಾಯತ್ ಉಲ್ಲಾ ಎಲೆ ನೋಡದೆ ನೇರ ಅವಳ ಬಳಿಗೆ ಬಂದರು. ಬದನಗುಪ್ಪೆಯ ಹುಣಸೆತೋಪಿಗೆ ಹೊಸ ಕಾವಲುಗಾರನೊಬ್ಬ ಬಂದಿದ್ದಾನೆ, ಎಡಗೈಯನ್ನು ಸದಾ ಟವಲಿನಲ್ಲಿ ಸುತ್ತಿರುತ್ತಾನೆ, ಅವನು ಬರೆದ ಲೆಕ್ಕದ ಚೀಟಿಯಲ್ಲೂ ಒತ್ತು ಬೇರಿನಂತೆ ಇಳಿದಿದೆ, ತಾನು ಹರವೆಯ ಹೆಸರೆತ್ತಿದೊಡನೆ ಮರದ ಹಿಂದೆ ಸರಿದ ಎಂದರು. "ಹೋಗು ಬೇಟಿ. ನಾನು ತಪ್ಪು ಹೇಳಿದ್ದೆ."

ಅವಳು ತಂದೆಯೊಡನೆ ಬಸ್ಸು ಹತ್ತಿದಳು. ತಂದೆ ರಸ್ತೆಯಲ್ಲೇ ನಿಂತ. ತೋಪಿನೊಳಕ್ಕೆ ಅವಳೊಬ್ಬಳೇ ನಡೆದಳು.

ಗಂಗಾಧರಸ್ವಾಮಿ ಎದ್ದುನಿಂತ. ಓಡಲಿಲ್ಲ.

"ಮಸಿ ಬಳಿದೋರು ಯಾರು?"

"ನಾನೇ."

"ಒಳಗೇನು ಬರ್ದಿದ್ರಿ?"

"ಏನೂ ಇಲ್ಲ. ಸತ್ತೆ ಅಂತ ಬರಿಯಾಕೆ ಕೈ ಬರ್ನಿಲ್ಲ. ಖಾಲಿ ಕಾಗದ ಮಡಚಿಟ್ಟೆ. ಮಸಿ ಕಂಡ್ರೆ ನಿಮ್ಮೋರು ಒಡೆಯಾಕಿಲ್ಲ ಅಂತ ಗೊತ್ತಿತ್ತು." ಅವನು ಟವಲು ಬಿಚ್ಚಿದ. ಗಾಯಾಳುಗಳನ್ನು ಹೊತ್ತ ಡೋಲಿಯ ಹಿಡಿಗೆ ಅಂಟಿ ಹೆಪ್ಪುಗಟ್ಟಿ ಹೋದ ಬೆರಳುಗಳ ಜಾಗದಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. "ನೀನು ಇನ್ನೊಬ್ಬನ ಮನೇಲಿ ಸುಖವಾಗಿರ್ಲಿ ಅಂತ. ಬಳ್ಳಿ ಕಟ್ಟಾಕೆ ಎರಡು ಕೈ ಬೇಕು, ಶಾಂತ."

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಕೋಪ ಅದನ್ನು ತಡೆದಿತ್ತು.

"ನನ್ನ ಕೈ ಎರಡವೆ. ಏಣಿ ಹಿಡ್ಕಳಾಕೆ ನಿಮಗೆ ಎಷ್ಟು ಬೆರಳು ಬೇಕು?"

ಅವನು ಆ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ನಿಮ್ಮ ಒಂದು ಸಾಲು ಕೊಳೀತು. ಮೂರವೆ. ನಾನು ಆ ಮೂರ್ನೂ ಕಿತ್ತು ಬಿಸಾಡ್ಬೇಕಿತ್ತಾ?"

ಅವನ ಗಂಟಲಿನಿಂದ ಹೊರಟದ್ದು ನಗುವೋ ಅಳುವೋ... ಅವಳು ಆ ಕೈಯನ್ನು ತನ್ನ ಎರಡು ಅಂಗೈಗಳ ನಡುವೆ ತೆಗೆದುಕೊಂಡಳು. ಮೊದಲ ಸ್ಪರ್ಶ ಅದು.

"ಕೈ ಒಂದೇ ಅಲ್ಲ," ಎಂದ ಅವನು, ತಲೆ ತಗ್ಗಿಸಿ. "ನಿದ್ದೇಲಿ ಕೂಗ್ತೀನಿ. ನಾನು ಹೊತ್ತು ತಂದ ಗಾಯದೋರೆಲ್ಲ ಬತ್ತಾರೆ. ಊರೋರು ಏನಂದಾರು?"

"ಕೂಗಿ."

"ಹೆದರ್ಕತೀಯೆ."

"ಹೆದರ್ಕತೀನಿ," ಎಂದಳು ಶಾಂತಮಲ್ಲಮ್ಮ. "ಹೆದರ್ಕಂಡೇ ಎಬ್ಬಿಸ್ತೀನಿ."